ದೊಡ್ಡಮ್ಮನ ಧಾರಾವಾಹಿಯ ಹೊಲಿಗೆ

ನನ್ನ ಫೋನಿಗೆ ಒಂದು ವಿಶೇಷ ಗಾಜು ಹಾಕಿಸಿದ್ದೇನೆ. ನೇರವಾಗಿ ನೋಡಿದರೆ ಅಕ್ಷರ ಸ್ಪಷ್ಟ, ಪಕ್ಕದಿಂದ ನೋಡಿದರೆ ಬರೀ ಕಪ್ಪು. ಗುಬ್ಬಿಯಿಂದ ತುಮಕೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲೇ ಕಾದಂಬರಿ ಓದುವವಳಿಗೆ ಇದು ದೊಡ್ಡ ನೆಮ್ಮದಿ. ಮೊದಲೊಂದು ಸಲ ಪುಟ ತಿರುಗಿಸಲು ಹೋದಾಗ ಪಕ್ಕದ ಸೀಟಿನ ಹೆಂಗಸು, "ಒಂದ್ನಿಮಿಷ ಇರಿ, ಇನ್ನೂ ಎರಡು ಸಾಲಿದೆ" ಅಂದಿದ್ದರು.

ಇಂಥವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುವುದು ನನ್ನ ಊಟದ ವಿರಾಮದ ಚಟ. ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಡಬ್ಬಿ ಖಾಲಿಯಾಗುವಷ್ಟರಲ್ಲಿ ಎರಡು ಮೂರು ಆ್ಯಪ್‌ಗಳ ಪರಿಚಯ ಆಗಿರುತ್ತದೆ. ಹಾಗೆ ಸಿಕ್ಕಿದ ಒಂದು ಆ್ಯಪ್, ಅಚ್ಚಾದ ಪುಟದ ಫೋಟೊ ತೆಗೆದರೆ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಕೂಡಲೇ ನೆನಪಾದವರು ಕುಣಿಗಲ್‌ನಲ್ಲಿರುವ ದೊಡ್ಡಮ್ಮ, ನಮ್ಮಮ್ಮನ ಅಕ್ಕ.

ದೊಡ್ಡಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಆಗೆಲ್ಲ ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿಟ್ಟು, ಮುಗಿದ ಮೇಲೆ ದಬ್ಬಳದಿಂದ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿ ಪುಸ್ತಕ ಮಾಡಿಕೊಳ್ಳುತ್ತಿದ್ದರು. ಅವುಗಳಲ್ಲಿ ಒಂದನ್ನಂತೂ ವರ್ಷಕ್ಕೊಮ್ಮೆಯಾದರೂ ಓದಲೇಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಅದೂ ನಿಂತುಹೋಯಿತು. ಸೊಸೆ ಓದಿ ಹೇಳಿದ್ದುಂಟು. "ಅತ್ತೆ, ಈವಮ್ಮ ಎರಡು ಪುಟದಿಂದ ಅಳ್ತಾನೇ ಇದಾಳೆ. ಮುಂದಕ್ಕೆ ಹೋಗ್ಲಾ?" ಅಂದಾಗ ದೊಡ್ಡಮ್ಮ ಪುಸ್ತಕ ಮುಚ್ಚಿಸಿದ್ದರು.

"ಇನ್ನೊಬ್ರು ಜೊತೇಲಿದ್ರೆ ಅದು ಓದಿದ ಹಾಗೇ ಅನ್ಸಲ್ಲ ಕಣೇ," ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದರು. ಆ ಮಾತನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ಭಾನುವಾರ ಕುಣಿಗಲ್‌ಗೆ ಹೋಗಿ ಆ ಪುಸ್ತಕದ ಮೊದಲ ಪುಟದ ಫೋಟೊ ತೆಗೆದೆ. ಫೋನಿನೊಳಗಿನ ಹೆಣ್ಣುದನಿ ಗಂಭೀರವಾಗಿ ಓದಿತು: "ಅವನು ಅವಳ ಕೈ ಹಿಡಿದು ಒಂದು ಚಮಚ ಸಾಸಿವೆ ಬಾಗಿಲಲ್ಲಿ ನಿಂತಿದ್ದ ಮಾವ ಕೆಂಪಗಾಗುವವರೆಗೆ ಹುರಿಯಿರಿ."

ಪುಟದಲ್ಲಿ ಎರಡು ಕಾಲಂ ಇದ್ದವು, ಎರಡನೆಯದರಲ್ಲಿ ಯಾವುದೋ ಗೊಜ್ಜು ಮಾಡುವ ವಿಧಾನ. ಆ್ಯಪ್ ಎಲ್ಲವನ್ನೂ ಅಡ್ಡಡ್ಡ ಓದಿತ್ತು.

"ಮಾವನ್ನೇ ಹುರಿದ್ಬಿಟ್ಲಲ್ಲೇ!" ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವನಿಗೆ ಆಗ್ಬೇಕಾದ್ದೇ ಬಿಡು."

ಹಳೇ ಲಗ್ನಪತ್ರಿಕೆಗಳನ್ನು ಅಡ್ಡ ಇಟ್ಟು, ಒಂದೊಂದೇ ಕಾಲಂ ಕಾಣುವ ಹಾಗೆ ಮತ್ತೆ ಫೋಟೊ ತೆಗೆದೆ. ಈಗ ಕಥೆ ಕಥೆಯಾಗಿಯೇ ಬಂತು, ಆದರೆ ಪ್ರತಿ ಸಾಲಿಗೂ ತೊದಲುತ್ತಿತ್ತು. ಒಳಬದಿಯ ಅಕ್ಷರಗಳು ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದವು. ಅದನ್ನು ಬಿಚ್ಚಬೇಕು ಅನ್ನಲು ನನಗೆ ಬಾಯಿ ಬರಲಿಲ್ಲ.

ದೊಡ್ಡಮ್ಮ ಪುಸ್ತಕದ ಬೆನ್ನು ಸವರಿ ನೋಡಿದರು. "ಹೊಲಿಗೆ ಅಡ್ಡ ಬರ್ತಿದ್ಯಾ?"

"ಹೂಂ."

ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. "ಬ್ಲೇಡ್ ಕೊಡು. ನೀನು ಹಾಳೆ ಹರೀತೀಯ, ನಾನೇ ಬಿಚ್ತೀನಿ."

ಬೆರಳಿನಲ್ಲಿ ಒಂದೊಂದೇ ಗಂಟು ಹುಡುಕಿ ಕುಯ್ದರು. ಒಂದು ಹಾಳೆಯೂ ಹರಿಯಲಿಲ್ಲ. ದಾರವನ್ನು ಸುತ್ತಿ ಕುಂಕುಮದ ಡಬ್ಬಿಯ ಪಕ್ಕ ಇಟ್ಟರು.

ಪೂರ್ತಿ ಫೋಟೊ ತೆಗೆಯಲು ಮೂರು ಭಾನುವಾರ ಹಿಡಿಯಿತು. ಅಂಚು ನೇರವಾಗಿದೆಯೇ ಎಂದಷ್ಟೇ ನೋಡಿದೆ, ಓದಲಿಲ್ಲ. ಎಲ್ಲವನ್ನೂ ದೊಡ್ಡಮ್ಮನ ಫೋನಿಗೇ ಹಾಕಿ, ಶುರು ಮಾಡುವ ಮತ್ತು ನಿಲ್ಲಿಸುವ ಗುಂಡಿಯ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಬೆರಳಿಗೆ ಅದು ತಕ್ಷಣ ಸಿಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ದೊಡ್ಡಮ್ಮ ಬಿಂದಿ ಒತ್ತಿ ಗೋಡೆಗೆ ಒರಗಿದರು.

ಸೊಸೆ ಅಡುಗೆಮನೆಯಿಂದ ಇಣುಕಿದರು. "ಅತ್ತೇ, ಏನ್ ಕೇಳ್ತಿದೀರಾ?"

ದೊಡ್ಡಮ್ಮ ಬಿಂದಿ ಒತ್ತಿ ನಿಲ್ಲಿಸಿದರು. "ಭಜನೆ ಕಣಮ್ಮ." ಮತ್ತೆ ಒತ್ತಿದರು.

ನಾನು ನಗು ತಡೆದುಕೊಂಡು ಕೂತಿದ್ದೆ. ಕುರ್ಚಿ ಕಿರ್ರೆಂದಿತು. ದೊಡ್ಡಮ್ಮ ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನ ಕಡೆ ತಿರುಗಿದರು.

"ನೀನಿನ್ನೂ ಇಲ್ಲೇ ಇದೀಯಾ? ಬಸ್ಸಿಗೆ ಹೊತ್ತಾಯ್ತು, ಎದ್ದೇಳೇ."