ಸರಿದು ಕೂರು ಎನ್ನುತ್ತಿದ್ದ ಎಜ್ರಾ ಅಂಕಲ್

ಕೋಪ ಬಂದರೆ ಎಜ್ರಾ ಅಂಕಲ್ ಕಿವಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಕನ್ನಡ ಬರುತ್ತಿತ್ತು. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಪ್ಪನ ಮುತ್ತಿನ ವ್ಯಾಪಾರದ ಹಿಂದೆ ಜಪಾನಿನ ಕೋಬೆಗೆ ಬಂದ ಯೆಹೂದಿ ಅವರು. ಇಂಗ್ಲಿಷ್, ಜಪಾನಿ ಎಲ್ಲ ವ್ಯವಹಾರಕ್ಕೆ. ಬೈಯುವುದಕ್ಕೆ ಮಾತ್ರ ಬೀದಿಯಲ್ಲಿ ಕಲಿತ ಕನ್ನಡ.

ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ನೋಡುವ ವೈಟುಕೆ ಕೆಲಸಕ್ಕೆಂದು ನಮ್ಮ ಕಂಪನಿ ನನ್ನನ್ನು ಅಲ್ಲಿನ ಒಂದು ಹಡಗು ಸಂಸ್ಥೆಗೆ ಕಳಿಸಿತ್ತು. ನಾನೂ ಟೀಮ್ ಲೀಡ್ ಪ್ರಸಾದನೂ ಅಂಕಲ್ ಇದ್ದ ಕಟ್ಟಡದಲ್ಲೇ ಬೇರೆ ಬೇರೆ ಫ್ಲಾಟು ಹಿಡಿದಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಶುಕ್ರವಾರ ಸಂಜೆಯ ದೀಪವನ್ನು ಅಂಕಲ್ ತಾವೇ ಹಚ್ಚುತ್ತಿದ್ದರು. ಸಸ್ಯಾಹಾರಿಗಳಾದ ನಮಗೆಂದು ಇಡೀ ಇಡೀ ಆಲೂಗಡ್ಡೆ ಕರಿದಿಟ್ಟು ಊಟಕ್ಕೆ ಕರೆಯುತ್ತಿದ್ದರು. ಜೊತೆಗೆ ಕಬ್ಬಾಲಾ, ಅಂದರೆ ಅವರ ಜನರ ಅನುಭಾವದ ವಿದ್ಯೆ, ಅದನ್ನೂ ಬಡಿಸುತ್ತಿದ್ದರು.

"ಮೊದ್ಲು ಎಲ್ಲಾ ಕಡೆ ದೇವ್ರೇ ತುಂಬ್ಕೊಂಡಿದ್ದ. ಜಗತ್ತಿಗೆ ಜಾಗ ಬೇಕಲ್ಲ? ಅವ್ನೇ ಸರಿದು ಕೂತ. ನಾವು ನೋಡು, ಬಸ್ಸಲ್ಲಿ ಸೀಟು ತುಂಬ ಕಾಲು ಚಾಚ್ಕೊಂಡಿದೀವಿ. ಸರಿದು ಕೂರಮ್ಮಾ!"

ಹೀಬ್ರೂವಿನಲ್ಲಿ 'ನಾನು' ಎನ್ನುವುದಕ್ಕೂ 'ಇಲ್ಲ' ಎನ್ನುವುದಕ್ಕೂ ಅವೇ ಮೂರು ಅಕ್ಷರ, ಜಾಗ ಮಾತ್ರ ಅದಲುಬದಲು ಎಂದು ಬರೆದು ತೋರಿಸುತ್ತಿದ್ದರು.

ಪ್ರಸಾದ ಎಲ್ಲಕ್ಕೂ ತಲೆದೂಗಿದ. ಕೇಳಿ ಮಾಡಿದ್ದೇನು? ಸರಕಿನ ಪ್ರೋಗ್ರಾಮು ಎರಡು ಸಾವಿರದ ಇಸವಿಯನ್ನು ಸಾವಿರದ ಒಂಬೈನೂರು ಎಂದುಕೊಳ್ಳುವ ಜಾಗವನ್ನು ನಾನು ಹುಡುಕಿ ಸರಿಮಾಡಿದ್ದೆ. ಅದನ್ನು ಹಡಗು ಸಂಸ್ಥೆಯ ಮ್ಯಾನೇಜರ್ ನಕಾನಿಷಿ ಸಾನ್ ಮುಂದೆ ತನ್ನದೆಂದು ತೋರಿಸಿದ. ಕಾರಿಡಾರಿನಲ್ಲಿ ಅಡ್ಡಹಾಕಿ ಕೇಳಿದರೆ ನಕ್ಕ.

"ಈಗೋ ಬಿಡು ಸುಮಾ. ಅಂಕಲ್ ಹೇಳಿಲ್ವಾ, ಸರಿದು ಕೂರು ಅಂತ?"

ನನ್ನ ಮೈ ಉರಿದುಹೋಯಿತು. ಅಂಕಲ್ ಕೂಡ ಬಿಟ್ಟುಬಿಡು ಎನ್ನುತ್ತಾರೆಂದೇ ಅಂದುಕೊಂಡು ಹೋದೆ. ಅವರು ಮೇಜು ಗುದ್ದಿದರು.

"ಬೇವರ್ಸಿ! ನನ್ ಮಾತ್ನೇ ಚಾಟಿ ಮಾಡ್ಕೊಂಡ್ನಾ? ನಿನ್ 'ನಾನು' ಇಳ್ಸು ಅಂದೆ. ಅವ್ನ 'ನಾನು' ಹೆಗಲ ಮೇಲೆ ಹೊತ್ಕೋ ಅಂದೆನಾ? ಹೋಗು, ನಿಜ ಹೇಳು!"

ಮುಂದಿನ ಮೀಟಿಂಗಿನಲ್ಲಿ ಹೇಳಿದೆ. ಹೇಳಿ ಸುಮ್ಮನಾಗಲಿಲ್ಲ, ಎಲ್ಲರೆದುರು ಕೋಡ್ ತೆರೆದು, ಒಂದೊಂದು ಸಾಲನ್ನೂ ವಿವರಿಸಿ ಎಂದು ಪ್ರಸಾದನನ್ನು ನಿಲ್ಲಿಸಿದೆ. ಅವನು ತೊದಲಿದ. ನಕಾನಿಷಿ ಸಾನ್ ಮುಜುಗರದಿಂದ ಮೇಜು ನೋಡುತ್ತ ಕೂತರು. ಗೆದ್ದು ಬಂದು ವರ್ಣಿಸಿದರೆ, ಅಂಕಲ್ ಕಿವಿ ಮತ್ತೆ ಕೆಂಪು.

"ನಿಜ ಹೇಳು ಅಂದೆ. ಅವ್ನನ್ನ ತಿಂದು ಬಾ ಅಂದೆನಾ? ಬಾಯಿ ಒರ್ಸ್ಕೋ, ಹೋಗು!"

ನನಗೂ ರೇಗಿತು. "ನೀವು ಮೇಜು ಗುದ್ದಬಹುದಾ ಅಂಕಲ್?"

"ಗುದ್ದಬಾರ್ದು! ಈ ವಯಸ್ಸಲ್ಲೂ ಕಲೀತಾ ಇರೋದು ಅದಕ್ಕೇ!" ಎಂದು ಅದನ್ನೂ ಗದರಿಯೇ ಹೇಳಿದರು.

ಆವತ್ತು ನಾನು ಮಾಡಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಹೊಸ ವರ್ಷ ಬಂತು. ಹಡಗುಗಳು ನೆಟ್ಟಗೆ ಓಡಿದವು. ಬಡ್ತಿ ಸಿಕ್ಕಿದ್ದು ಪ್ರಸಾದನಿಗೆ. ಬೇಸಿಗೆಗೆ ಮುಂಚೆಯೇ ಅಂಕಲ್ ತೀರಿಕೊಂಡರು. ಬೆಟ್ಟದ ಮೇಲೆ ಮಣ್ಣು ಮಾಡಿದ ಬಳಿಕ ಪ್ರಸಾದ ನಾಲ್ಕು ಮಾತಾಡಲು ಮುಂದೆ ಬಂದ. "ಅಂಕಲ್ ನನ್ನನ್ನು ಮಗನಂತೆ ಕಂಡರು, ನಾನು ಅವರಿಂದ ಅಹಂಕಾರ ಬಿಡಲು ಕಲಿತೆ, ನಾನು ಇವತ್ತು ಏನಾಗಿದ್ದೇನೋ..." ಅವನ ನಾಲ್ಕು ಮಾತು ಮುಗಿಯುವ ಹಾಗೆ ಕಾಣಲಿಲ್ಲ.

ನಾನು ಅಲ್ಲಿಂದ ಹೊರಟೆ. ಬಸ್ಸಿಗೂ ಕಾಯದೆ ಇಳಿಜಾರಿನಲ್ಲಿ ದಾಪುಗಾಲು ಹಾಕಿದೆ. ಹಲ್ಲು ಕಚ್ಚಿ ಹಿಡಿದರೂ ಕೋಪ ತಡೆಯಲಾಗಲಿಲ್ಲ. ಅದರಲ್ಲಿ ಅಂಕಲ್‌ಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಬೈದು ಹೇಳಬೇಕಾದವರನ್ನು ಆಗಷ್ಟೇ ಮಣ್ಣಿಗಿಟ್ಟು ಬಂದಿದ್ದೆವು.