ಬಣ್ಣ ಚುಚ್ಚುವುದು ಬಿಟ್ಟ ಹರಿಣಾಕ್ಷಿ

ಬೆಳಿಗ್ಗೆ ಐದೂವರೆ. ಕೊಚ್ಚಿಯ ವೈಪಿನ್ ದ್ವೀಪದ ಹಿನ್ನೀರಿನಲ್ಲಿ ಸೊಂಟದವರೆಗೆ ಮುಳುಗಿ ನಿಂತ ಹರಿಣಾಕ್ಷಿ ಕೈಬಲೆ ಎತ್ತುತ್ತಾರೆ. ಬಲೆಯಲ್ಲಿ ಹೆಬ್ಬೆರಳುದ್ದದ ಗಾಜಿನ ಮೀನುಗಳು. ಮೈಯೊಳಗಿನ ಮುಳ್ಳು ಎಣಿಸಬಹುದು, ಅಷ್ಟು ತಿಳಿ. ಮೂರು ಗಂಟೆ ನಿಂತರೆ ಎಂಬತ್ತು ಸಿಗುತ್ತವೆ. ಕೊಳ್ಳುವವರಿರುವುದು ಇಪ್ಪತ್ತಕ್ಕೆ ಮಾತ್ರ. ಉಳಿದವನ್ನು ಅಲ್ಲೇ ಬಿಡುತ್ತಾರೆ.

ಕಾಸರಗೋಡಿನ ಕುಂಬಳೆ ಕಡೆಯ ಇವರಿಗೆ ಈಗ ನಲವತ್ತೊಂಬತ್ತು. ಕೊಚ್ಚಿಯ ಅಲಂಕಾರಿಕ ಮೀನಿನ ಶೆಡ್ಡೊಂದರಲ್ಲಿ ಒಂಬತ್ತು ವರ್ಷ ದುಡಿದವರು. ಬಣ್ಣವಿಲ್ಲದ ಈ ಗಾಜಿನ ಮೀನನ್ನು ಯಾರೂ ಕೊಳ್ಳುವುದಿಲ್ಲವೆಂದು ಅದರ ಬೆನ್ನಿಗೆ ಸೂಜಿಯಿಂದ ಗುಲಾಬಿ, ಹಸಿರು ಬಣ್ಣ ಚುಚ್ಚುವುದೇ ಕೆಲಸ. ದಿನಕ್ಕೆ ಐನೂರು ಮೀನು. ಸಂಜೆಯೊಳಗೆ ನೂರೈವತ್ತು ಸಾಯುತ್ತಿದ್ದವು.

“ಸತ್ತದ್ದನ್ನು ಬಕೆಟಿಗೆ ಹಾಕುದು, ಇನ್ನೊಂದು ಹಿಡಿಯುದು. ಆಗ ಎಂತದೂ ಅನ್ನಿಸ್ಲಿಲ್ಲ. ಸುಳ್ಳು ಯಾಕೆ ಹೇಳ್ಬೇಕು?” ಎನ್ನುತ್ತಾರೆ.

ಮೂರು ವರ್ಷದ ಹಿಂದೆ ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಈ ಶೆಡ್ಡಿನಿಂದ ಮೀನಿನ ತೊಟ್ಟಿ ಹೋಗಿತ್ತು. ಎರಡೇ ತಿಂಗಳಲ್ಲಿ ಬಣ್ಣ ಮಾಸಿತು, ಅರ್ಧ ಮೀನು ಸತ್ತವು. ಬದಲಿ ಮೀನು ಒಯ್ದ ಹರಿಣಾಕ್ಷಿಯನ್ನು, ಅಲ್ಲಿ ದಾಖಲಾಗಿದ್ದ ಏಳು ವರ್ಷದ ನಿಶಾ ಬಣ್ಣ ಎಲ್ಲಿ ಹೋಯಿತೆಂದು ಕೇಳಿದಳು. ಅವಳ ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿದ್ದರು. ಅದನ್ನು ನೋಡುತ್ತಲೇ ಹರಿಣಾಕ್ಷಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

“‘ಅಕ್ಕಾ, ಮೀನಿಗೆ ಅಳ್ಲಿಕ್ಕೆ ಬರ್ತದಾ’ ಅಂತ ಕೇಳಿದ್ಳು.”

ಮಗು ರಾತ್ರಿಯಿಡೀ ಸೂಜಿ ಕಿತ್ತುಹಾಕಲು ಹಟ ಹಿಡಿಯಿತು. ಅವಳ ತಂದೆ ಮರುದಿನವೇ ಶೆಡ್ಡಿಗೆ ಫೋನು ಮಾಡಿ ರೇಗಿದರು. ಮಾಲೀಕರು ಹರಿಣಾಕ್ಷಿಯನ್ನು ಬಾಗಿಲಲ್ಲೇ ತಡೆದು ಕೆಲಸದಿಂದ ತೆಗೆದರು. ಬೇರೆ ಶೆಡ್ಡುಗಳಿಗೂ ಸುದ್ದಿ ಮುಟ್ಟಿತ್ತು, ಎಲ್ಲೂ ಕೆಲಸ ಸಿಗಲಿಲ್ಲ.

ಈಗ ಹದಿನೈದು ದಿನಕ್ಕೊಮ್ಮೆ ಮೀನಿನ ಡಬ್ಬಿ ಹಿಡಿದು ರೈಲಿನಲ್ಲಿ ತಿರುವನಂತಪುರದ ಕಳಕ್ಕೂಟಂಗೆ ಹೋಗುತ್ತಾರೆ. ಅಲ್ಲಿನ ಫ್ಲಾಟುಗಳಲ್ಲಿ ಹೆಚ್ಚಿನವರು ಕೇಳುವುದು ಬಣ್ಣದ್ದು ಇಲ್ಲವೇ ಎಂದು. ನಿಶಾಳನ್ನು ನೋಡಲು ಒಮ್ಮೆ ಆಸ್ಪತ್ರೆಗೂ ಹೋಗಿದ್ದರು. ಅವಳು ಗುಣವಾಗಿ ಮನೆಗೆ ಹೋಗಿದ್ದಳು. ತೊಟ್ಟಿಯಲ್ಲಿ ಗುಲಾಬಿ ಮೀನುಗಳು ಓಡಾಡುತ್ತಿದ್ದವು.

ಶೆಡ್ಡಿನಲ್ಲಿ ಇವರ ಜಾಗದಲ್ಲೀಗ, ಆಗ ಇವರ ಕೈಕೆಳಗಿದ್ದ ಪ್ರತೀಕ್ಷಾ ಎಂಬಾಕೆ ಕೂರುತ್ತಾರೆ. ಆಕೆಯ ಬಗ್ಗೆ ಕೇಳಿದರೆ ಹರಿಣಾಕ್ಷಿ ಬಲೆ ಕೊಡವುತ್ತಾರೆ.

“ಅವಳ ಕೈಯಲ್ಲಿ ಐನೂರಕ್ಕೆ ಬರೀ ಅರವತ್ತು ಸಾಯುದಂತೆ,” ಎನ್ನುತ್ತಾರೆ. “ಸೂಜಿ ಹಿಡಿಲಿಕ್ಕೆ ಕಲಿಸಿದ್ದು ನಾನೇ.”