ಬೀಳುವ ದಿಕ್ಕು

ಅವರ ಎಡಗಿವಿ ಒಣಗಿದ ಅಂಜೂರದಂತೆ ಮುದುಡಿ ತಲೆಗೆ ಅಂಟಿಕೊಂಡಿತ್ತು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಾಗಾದದ್ದು. ಆ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ನಾವು ಅವರ ಬಲಕ್ಕೆ ಬಂದು ನಿಂತು ಮಾತಾಡುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ರಾಯಚೂರಿನ ನಮ್ಮ ಓಣಿಯ ಹಿಂದಿದ್ದ ಗರಡಿಗೆ ಅವರು ಕುಸ್ತಿ ಕಲಿಸುವ ವಸ್ತಾದರು. ಹಗಲೆಲ್ಲ ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಮೂಟೆ ಹೊತ್ತು, ಸಂಜೆ ನಮಾಜು ಮುಗಿಸಿ ಬಂದು, ಕಣದ ಕೆಮ್ಮಣ್ಣನ್ನು ತಾವೇ ಸಲಿಕೆ ಹಿಡಿದು ಹದ ಮಾಡುತ್ತಿದ್ದರು. ಆ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಓಣಿಯವರನ್ನು ಬೇರೆ ಗರಡಿಗಳಲ್ಲಿ ಕಣಕ್ಕೆ ಇಳಿಸುತ್ತಿರಲಿಲ್ಲ. ನನಗಾಗ ಇಪ್ಪತ್ತು ವರ್ಷ. ಮೊದಲ ದಿನ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಸಿಗುತ್ತದೆಯೇ ಎಂದು.

ಯಾರಾದರೂ ಬಿದ್ದರೆ ಆಟ ನಿಲ್ಲಿಸಿ, ಮಣ್ಣಿನ ಮೇಲಿನ ಗುರುತುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಓದಿ ಹೇಳುತ್ತಿದ್ದರು. ಇಲ್ಲಿ ಇವನ ಹಿಮ್ಮಡಿ ಎದ್ದಿದೆ, ಇಲ್ಲಿ ಅವನು ಪಾದ ಹೊರಳಿಸಿದ್ದಾನೆ, ಅದಕ್ಕೇ ಇವನು ಅತ್ತ ಬಿದ್ದ, ಹೀಗೆ. ನೂಕಿದ ಕಡೆಗೇ ಮನುಷ್ಯ ಬೀಳುತ್ತಾನೆ ಎಂದು ನಾನು ತಿಳಿದಿದ್ದೆ. ಒಂದು ಸಂಜೆ ಅವರು ನನ್ನ ಎದೆಗೆ ಒಂದು ಬೆರಳಿಟ್ಟು ಒತ್ತಿದರು. ನಾನೂ ಎದುರು ಒತ್ತಿದೆ. ಅವರು ತಟ್ಟನೆ ಬೆರಳು ತೆಗೆದರು. ನಾನು ಹಿಂದಕ್ಕಲ್ಲ, ಅವರ ಮೇಲೆಯೇ ಬಿದ್ದೆ.

“ಕೈ ಯಾವ ಕಡಿಂದ ಬಂತು ಅಂತ ನೋಡಬ್ಯಾಡ ಬೇಟಾ. ಭಾರ ಯಾವ ಕಾಲಿನ ಮ್ಯಾಲ ಅದ ನೋಡು. ಅವ ಅತ್ತಾಗೇ ಹೊಂಟಿರತಾನ. ನೀ ಎತ್ತಾಗ ತಿರುಗ್ತಿ, ಅತ್ತಾಗ ಬೀಳತಾನ,” ಎಂದರು. ಎದುರಾಳಿಯನ್ನು ಕಣದ ನಡುವಿಗೇ ಎಸೆಯಬೇಕು ಎಂಬುದು ಅವರ ಕಟ್ಟಪ್ಪಣೆ. ಅಂಚಿನ ಕಡೆ ಎಸೆದವನಿಗೆ ಒಂದು ವಾರ ಗರಡಿ ಬಂದ್.

ಎರಡು ವರ್ಷಗಳ ನಂತರ ದೇವದುರ್ಗದಲ್ಲಿ ನನಗೆ ಮಾನ್ವಿಯ ದೊಡ್ಡ ಮನೆತನದ ಪೈಲ್ವಾನನೊಬ್ಬನ ಮೇಲೆ ಜೋಡಿ ಬಿತ್ತು. ಕುಸ್ತಿಗೆ ಮುನ್ನ ಇಬ್ಬರೂ ಕೈ ಕೂಡಿಸಿ ಮಣ್ಣು ಕೊಟ್ಟುಕೊಳ್ಳುವುದು ರೂಢಿ. ಅವನು ಕೈ ತಾಕಿಸದೆ, ಭಿಕ್ಷೆ ಹಾಕಿದಂತೆ ಮೇಲಿನಿಂದ ಮಣ್ಣು ಸುರಿದ. ಮರುಗಳಿಗೆಯಲ್ಲಿ ಮೈಗೆ ಮೈ ಹಚ್ಚಿ ಸೆಣಸಬೇಕಾದವನು. ಜನ ನಕ್ಕರು.

ಹತ್ತು ನಿಮಿಷ ಸೆಣಸಾಡುತ್ತ ಇಬ್ಬರೂ ಅಂಚಿಗೆ ಬಂದೆವು. ಅಲ್ಲಿ ಜನ ಕೂರಲೆಂದು ಚಪ್ಪಡಿ ಕಲ್ಲು ಹಾಕಿದ್ದರು. ಅವನು ಬಲಗಾಲಿನ ಮೇಲೆ ಭಾರ ಹಾಕಿ ನನ್ನ ಮೇಲೆ ಬಂದ. ಒಳಕ್ಕೆ ತಿರುಗಿದ್ದರೆ ಮೆತ್ತನೆಯ ಮಣ್ಣಿನಲ್ಲಿ ಚಿತ್ತಾಗುತ್ತಿದ್ದ, ಹಾಗೆಯೂ ನಾನೇ ಗೆಲ್ಲುತ್ತಿದ್ದೆ. ಅದು ನನಗೆ ಗೊತ್ತಿತ್ತು. ಕಲ್ಲೂ ಕಂಡಿತ್ತು. ಗೊತ್ತಿದ್ದೇ ಹೊರಕ್ಕೆ ತಿರುಗಿದೆ.

ಅವನ ಸೊಂಟದ ಎಲುಬು ಮುರಿಯಿತು. ನಮ್ಮ ಓಣಿಯವರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮೇಲಿನಿಂದ ನೋಡಿದೆ: ವಸ್ತಾದರು ಅವನನ್ನು ಗಾಡಿಗೆ ಹತ್ತಿಸಿ ಬಂದು, ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

ವಾರದೊಳಗೆ ಮಾನ್ವಿಯ ಹಿರಿಯರು ರಾಯಚೂರಿಗೆ ಬಂದು ಗರಡಿಯಲ್ಲೇ ಪಂಚಾಯಿತಿ ಸೇರಿಸಿದರು. ಬೇಕಂತಲೇ ಕಲ್ಲಿನ ಮೇಲೆ ಎಸೆದಿದ್ದಾನೆ, ಪೊಲೀಸರಿಗೆ ಕೊಡುತ್ತೇವೆ ಎಂದು ಪಟ್ಟು ಹಿಡಿದರು. ನಾನು ಗೋಡೆಗೆ ಆತು ನಿಂತಿದ್ದೆ. ವಸ್ತಾದರು ಎದ್ದು, “ಆ ಪಟ್ಟು ನಾ ಕಲಿಸಿದ್ದು. ಅಂಚಿನಾಗ ಹ್ಯಾಂಗ ತಿರುಗಬೇಕು ಅಂತ ಹೇಳಿಕೊಡಲಿಲ್ಲ. ತಪ್ಪು ನಂದು,” ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಬಾಯಿ ತೆರೆಯಲಿಲ್ಲ.

ಗರಡಿ ಮುಚ್ಚಬೇಕು, ಇನ್ನು ಯಾರಿಗೂ ಕಲಿಸಬಾರದು ಎಂದು ತೀರ್ಮಾನವಾಯಿತು. ಅವರು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಹೊರಗೆ ಬಂದ ಮೇಲೆ ನನಗೆ, “ನಿನ್ನ ಹಿಮ್ಮಡಿ ಹೊರಗ ತಿರುಗಿತ್ತು. ನಾ ನೋಡೀನಿ,” ಎಂದಷ್ಟೇ ಹೇಳಿ, ಸಾವಕಾಶ ನಡೆದು ಹೋದರು.

ದೇವದುರ್ಗದ ಗೆಲುವಿನ ಸರ್ಟಿಫಿಕೇಟು ತೋರಿಸಿಯೇ ನನಗೆ ಸರ್ಕಾರಿ ನೌಕರಿ ಸಿಕ್ಕಿತು. ವಸ್ತಾದರು ಸಿರವಾರದ ಅಕ್ಕಿ ಮಿಲ್ಲೊಂದರಲ್ಲಿ ವಾಚ್‌ಮನ್ ಆದರು. ಪ್ರತಿ ಶುಕ್ರವಾರ ನಮಾಜಾದ ಮೇಲೆ ಮಾನ್ವಿಗೆ ಹೋಗಿ, ಆ ಮನುಷ್ಯನ ಸೊಂಟಕ್ಕೂ ಕಾಲಿಗೂ ಎಣ್ಣೆ ತಿಕ್ಕಿ ಬರುತ್ತಿದ್ದರಂತೆ. ಮೊದಲೆರಡು ತಿಂಗಳು ಬಾಗಿಲಲ್ಲೇ ಬೈದು ಕಳಿಸಿದರಂತೆ. ನಾನು ಸಿರವಾರದ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹೋದೆ. ಒಮ್ಮೆಯೂ ಇಳಿಯಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಆಗಷ್ಟೇ ವರ್ಗವಾಗಿ ಬಂದಿದ್ದ ಮಾನ್ವಿಯ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಒಬ್ಬರು ಕೋಲೂರಿಕೊಂಡು ಬಂದು ಅರ್ಜಿ ಇಟ್ಟರು. ಇಬ್ಬರಿಗೂ ಗುರುತು ಹತ್ತಿತು. ವಸ್ತಾದರು ತೀರಿಹೋಗಿ ಎರಡು ತಿಂಗಳಾಯಿತು ಎಂದು ಅವರಿಂದಲೇ ನನಗೆ ತಿಳಿದದ್ದು.

“ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ,” ಎಂದರು. “ನಿಮಗ ಗೊತ್ತಿರಲಿಲ್ಲ, ಕಲಿಸಿದವರು ಸರಿ ಕಲಿಸಲಿಲ್ಲ. ಅಷ್ಟು ವರ್ಷ ಬಂದು ಕಾಲು ತಿಕ್ಕಿದ್ರು ಖರೆ. ಹೋಗೂ ಮುಂದ ಮಾಫ್ ಮಾಡು ಅಂತ ಕೇಳಿದ್ರು. ನನ್ನ ಕೈಲೆ ಆಗಲಿಲ್ಲ ನೋಡ್ರಿ.”

ಅರ್ಜಿಯ ಮೇಲೆ ಸಹಿ ಹಾಕಿದೆ. ಮುದ್ರೆಯನ್ನೂ ಒತ್ತಿದೆ.

“ಹಳೇ ಮಾತು ಬಿಡ್ರಿ,” ಎಂದೆ.